ಹುರುಳಿಕಾಳು ಮತ್ತು ರಕ್ತದ ಗುಂಪು: ಜಿ. ಡಬ್ಲ್ಯು. ಜಿ. ಬರ್ಡ್ ಅವರ ಸಂಶೋಧನೆ

ಹುರುಳಿ ಮಳೆಯಾಶ್ರಿತ ಹೊಲದ ಬೆಳೆ. ಬಡ ಮಣ್ಣಿನಲ್ಲೂ, ಮಳೆ ಕೈಕೊಟ್ಟ ವರ್ಷದಲ್ಲೂ ಅಷ್ಟಿಷ್ಟು ಫಸಲು ಕೊಡುವ ಈ ಕಾಳು ಎತ್ತುಗಳಿಗೆ ದಾಣಿಯಾಗಿ, ಮನೆಮಂದಿಗೆ ಸಾರಾಗಿ, ಮೊಳಕೆ ಪಲ್ಯವಾಗಿ ಬಳಕೆಯಾಗುತ್ತ ಬಂದಿದೆ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಅಂದರೆ ಆದೋನಿ, ಆಲೂರು, ಆಸ್ಪರಿ, ಕೋಸಿಗಿ, ಮಂತ್ರಾಲಯಗಳ ಸುತ್ತಿನ ಕನ್ನಡ-ತೆಲುಗು ಸೀಮೆಯಲ್ಲಿ ಹುರುಳಿ, ಶೇಂಗಾ, ಔಡಲ ಮೂರೂ ರೈತರಿಗೆ ಚಿರಪರಿಚಿತ. ಈ ಮೂರು ಬೀಜಗಳಿಗೂ ರಕ್ತವಿಜ್ಞಾನದ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಅವುಗಳಲ್ಲಿ ಎರಡಕ್ಕೆ, ಹುರುಳಿಗೆ ಮತ್ತು ಶೇಂಗಾಕ್ಕೆ, ಆ ಸ್ಥಾನವನ್ನು ದೊರಕಿಸಿದವರು ರಕ್ತಪೂರಣ ವಿಜ್ಞಾನಿ ಜಾರ್ಜ್ ವಿಲಿಯಂ ಗ್ರೆಗರಿ ಬರ್ಡ್.

ಪುಣೆಯಲ್ಲಿ ಸೇನಾ ವೈದ್ಯರಾಗಿ ಕೆಲಸ ಮಾಡುತ್ತಿದ್ದ ಬರ್ಡ್, ಹುರುಳಿಕಾಳಿನ ಸಾರವು ಮನುಷ್ಯರ ಕೆಂಪು ರಕ್ತಕಣಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಅಂಟುಗೂಡಿಸುತ್ತದೆ ಎಂಬುದನ್ನು 1951ರಲ್ಲಿ ಪ್ರಕಟಿಸಿದರು. ಆ ಸಾರದಿಂದ ತಯಾರಾಗುವ ಪರೀಕ್ಷಾ ದ್ರವವನ್ನು, ಅಂದರೆ ಕಾರಕವನ್ನು, ಜಗತ್ತಿನ ರಕ್ತನಿಧಿಗಳು ಇಂದಿಗೂ ಬಳಸುತ್ತಿವೆ. ರಕ್ತದ ಗುಂಪುಗಳ ಮೂಲಪಾಠ, ಬೀಜಗಳಲ್ಲಿರುವ ಲೆಕ್ಟಿನ್ ಎಂಬ ವಸ್ತುವಿನ ಸ್ವರೂಪ, ಬರ್ಡ್ ಅವರ ವೃತ್ತಿಜೀವನ ಮತ್ತು ಅವರ ಶೋಧನೆಯ ಉಪಯೋಗಗಳನ್ನು ಈ ಲೇಖನ ಕ್ರಮವಾಗಿ ಪರಿಚಯಿಸುತ್ತದೆ.

ರಕ್ತದ ಗುಂಪು ಎಂದರೇನು?

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಚಿಕಿತ್ಸೆಗೆ ರಕ್ತಪೂರಣ ಎಂದು ಹೆಸರು. ಎಲ್ಲರ ರಕ್ತವೂ ಕಣ್ಣಿಗೆ ಒಂದೇ ರೀತಿ ಕಂಡರೂ ಎಲ್ಲರಿಗೂ ಎಲ್ಲರ ರಕ್ತ ಒಗ್ಗುವುದಿಲ್ಲ. ಇದರ ಕಾರಣವನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದರು. ಅವರು ಮೂರು ಗುಂಪುಗಳನ್ನು ಗುರುತಿಸಿದರು. ಎಬಿ ಎಂಬ ನಾಲ್ಕನೆಯ ಗುಂಪು 1902ರಲ್ಲಿ ಬೆಳಕಿಗೆ ಬಂತು. ಈ ಶೋಧನೆಗಾಗಿ ಲ್ಯಾಂಡ್‌ಸ್ಟೈನರ್ ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಕೆಂಪು ರಕ್ತಕಣದ ಹೊರಮೈಯಲ್ಲಿ ಸಕ್ಕರೆಯ ಅಣುಗಳು ಸಾಲಾಗಿ ಜೋಡಣೆಗೊಂಡ ಸಣ್ಣ ಸಣ್ಣ ಸರಪಳಿಗಳಿರುತ್ತವೆ. ಸರಪಳಿಯ ತುದಿಯಲ್ಲಿ ಯಾವ ಸಕ್ಕರೆ ಇದೆ ಎಂಬುದರ ಮೇಲೆ ಎ, ಬಿ, ಒ ಗುಂಪುಗಳು ನಿರ್ಧಾರವಾಗುತ್ತವೆ. ಗುಂಪನ್ನು ಸೂಚಿಸುವ ಇಂಥ ರಚನೆಗೆ ಪ್ರತಿಜನಕ ಎಂದು ಹೆಸರು. ಈ ಗುಂಪುಗಳಿಗೆಲ್ಲ ಸಾಮಾನ್ಯವಾದ ತಳಹದಿಗೆ ಎಚ್ ಪ್ರತಿಜನಕ ಎನ್ನುತ್ತಾರೆ. ಅದರಲ್ಲಿ ಫ್ಯೂಕೋಸ್ ಎಂಬ ಸಕ್ಕರೆ ಇರುತ್ತದೆ. ಆ ತಳಹದಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಸಕ್ಕರೆ ಸೇರಿದರೆ ಎ ಪ್ರತಿಜನಕ, ಗ್ಯಾಲಕ್ಟೋಸ್ ಸೇರಿದರೆ ಬಿ ಪ್ರತಿಜನಕ ಸಿದ್ಧವಾಗುತ್ತದೆ. ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಒ.

ರಕ್ತದ ದ್ರವಭಾಗದಲ್ಲಿ, ಅಂದರೆ ರಕ್ತಸಾರದಲ್ಲಿ, ಪ್ರತಿಕಾಯಗಳೆಂಬ ರಕ್ಷಕ ಪ್ರೋಟೀನುಗಳಿವೆ. ತನ್ನಲ್ಲಿ ಇಲ್ಲದ ಪ್ರತಿಜನಕಕ್ಕೆ ವಿರುದ್ಧವಾದ ಪ್ರತಿಕಾಯವನ್ನು ದೇಹ ಹೊಂದಿರುತ್ತದೆ. ಎ ಗುಂಪಿನವರಲ್ಲಿ ಬಿ ವಿರೋಧಿ ಪ್ರತಿಕಾಯ, ಬಿ ಗುಂಪಿನವರಲ್ಲಿ ಎ ವಿರೋಧಿ ಪ್ರತಿಕಾಯ, ಒ ಗುಂಪಿನವರಲ್ಲಿ ಎರಡೂ ಇರುತ್ತವೆ. ಎಬಿ ಗುಂಪಿನವರಲ್ಲಿ ಎರಡೂ ಇರುವುದಿಲ್ಲ. ಹೊಂದದ ರಕ್ತ ಒಳಹೊಕ್ಕರೆ ಈ ಪ್ರತಿಕಾಯಗಳು ಅದರ ಕಣಗಳನ್ನು ಒಡೆಯುತ್ತವೆ. ಜ್ವರ, ನಡುಕ, ಮೂತ್ರಪಿಂಡದ ವೈಫಲ್ಯ, ಕೆಲವೊಮ್ಮೆ ಸಾವು ಅದರ ಪರಿಣಾಮ. ಪ್ರಯೋಗಾಲಯದಲ್ಲಿ ಇದೇ ಹೊಂದಾಣಿಕೆಯ ಕೊರತೆ ಕಣಗಳ ಅಂಟುಗೂಡುವಿಕೆಯಾಗಿ ಕಾಣಿಸುತ್ತದೆ. ಈ ಕ್ರಿಯೆಗೆ ಅಗ್ಲುಟಿನೇಷನ್ ಎಂದು ಹೆಸರು. ರಕ್ತದ ಗುಂಪನ್ನು ಪತ್ತೆಹಚ್ಚುವ ಸಾಮಾನ್ಯ ವಿಧಾನಗಳಿಗೆಲ್ಲ ಇದೇ ಆಧಾರ.

ಎ ಗುಂಪಿನ ಉಪಗುಂಪುಗಳು

ಎ ಗುಂಪಿನವರೆಲ್ಲರ ರಕ್ತಕಣಗಳು ಸಮಾನವಲ್ಲ ಎಂಬುದನ್ನು ವಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ 1911ರಲ್ಲಿ ತೋರಿಸಿದರು. ಎ ಗುಂಪಿನಲ್ಲಿ ಎ1 ಮತ್ತು ಎ2 ಎಂಬ ಎರಡು ಮುಖ್ಯ ಉಪಗುಂಪುಗಳಿವೆ. ಅದೇ ರೀತಿ ಎಬಿ ಗುಂಪಿನಲ್ಲಿ ಎ1ಬಿ ಮತ್ತು ಎ2ಬಿ ಇವೆ.

ಎ1 ಉಪಗುಂಪಿನ ವಯಸ್ಕರ ಒಂದೊಂದು ಕೆಂಪು ಕಣದ ಮೇಲೆ ಸುಮಾರು 8 ಲಕ್ಷದಿಂದ 11 ಲಕ್ಷ ಎ ಪ್ರತಿಜನಕಗಳಿದ್ದರೆ, ಎ2 ಕಣದ ಮೇಲೆ ಸುಮಾರು 2.4 ಲಕ್ಷದಿಂದ 2.9 ಲಕ್ಷ ಮಾತ್ರ ಇರುತ್ತವೆ. ಸಂಖ್ಯೆಯ ಜೊತೆಗೆ ಸಕ್ಕರೆಯ ಸರಪಳಿಗಳ ವಿನ್ಯಾಸದಲ್ಲಿಯೂ ವ್ಯತ್ಯಾಸವಿದೆ. ತುದಿಯ ಸಕ್ಕರೆಯನ್ನು ಜೋಡಿಸುವ ಕಿಣ್ವವು ಎ2 ಉಪಗುಂಪಿನವರಲ್ಲಿ ಮಂದವಾಗಿ ಕೆಲಸ ಮಾಡುವುದೇ ಇದಕ್ಕೆ ಕಾರಣ.

ಸಾಧಾರಣ ರಕ್ತಪೂರಣದಲ್ಲಿ ಈ ಭೇದವನ್ನು ಗಮನಿಸುವ ಅಗತ್ಯ ಬೀಳುವುದಿಲ್ಲ. ಆದರೆ ಎ2 ಉಪಗುಂಪಿನ ಕೆಲವರಲ್ಲಿ, ಅದಕ್ಕಿಂತ ಹೆಚ್ಚಾಗಿ ಎ2ಬಿ ಉಪಗುಂಪಿನವರಲ್ಲಿ, ಎ1 ಕಣಗಳಿಗೆ ವಿರುದ್ಧವಾದ ಪ್ರತಿಕಾಯ ತಾನಾಗಿಯೇ ಉಂಟಾಗಿರುತ್ತದೆ. ಅಂಥವರ ರಕ್ತವನ್ನು ಪರೀಕ್ಷಿಸುವಾಗ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಗ ಎ1 ಮತ್ತು ಎ2 ಕಣಗಳನ್ನು ಬೇರ್ಪಡಿಸಿ ಹೇಳಬಲ್ಲ ನಂಬಿಕೆಯ ಕಾರಕ ಬೇಕಾಗುತ್ತದೆ.

1950ಕ್ಕಿಂತ ಮೊದಲು ಇಂಥ ಕಾರಕವನ್ನು ಮನುಷ್ಯರ ರಕ್ತದಿಂದಲೇ ತಯಾರಿಸಬೇಕಾಗಿತ್ತು. ಬಿ ಗುಂಪಿನವರ ರಕ್ತಸಾರವನ್ನು ಎ2 ಕಣಗಳೊಡನೆ ಬೆರೆಸಿ, ಆ ಕಣಗಳು ಹೀರಿಕೊಂಡ ಪ್ರತಿಕಾಯಗಳನ್ನು ತೆಗೆದುಹಾಕಿ, ಉಳಿದ ದ್ರವವನ್ನು ಬಳಸುತ್ತಿದ್ದರು. ಈ ಕೆಲಸಕ್ಕೆ ಶ್ರಮ ಹೆಚ್ಚು, ಸಿಗುವ ಪ್ರಮಾಣ ಕಡಿಮೆ, ಒಂದು ಬಾರಿಯ ತಯಾರಿಕೆಗೂ ಇನ್ನೊಂದಕ್ಕೂ ಗುಣದಲ್ಲಿ ವ್ಯತ್ಯಾಸ. ಈ ಕೊರತೆಯನ್ನು ನೀಗಿಸಿದ್ದು ಹುರುಳಿಕಾಳು.

ಬೀಜಗಳಲ್ಲಿರುವ ಲೆಕ್ಟಿನ್

ಸಕ್ಕರೆಯ ಅಣುಗಳನ್ನು ಗುರುತಿಸಿ ಅವುಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. ಸಸ್ಯ, ಪ್ರಾಣಿ, ಸೂಕ್ಷ್ಮಜೀವಿ ಎಲ್ಲದರಲ್ಲಿಯೂ ಲೆಕ್ಟಿನ್‌ಗಳಿವೆ. ದ್ವಿದಳ ಧಾನ್ಯಗಳ ಬೀಜಗಳಲ್ಲಿ ಅವು ವಿಶೇಷವಾಗಿ ಹೇರಳ. ಒಂದು ಲೆಕ್ಟಿನ್ ಅಣುವಿನಲ್ಲಿ ಸಕ್ಕರೆಯನ್ನು ಹಿಡಿಯುವ ತಾಣಗಳು ಎರಡು ಅಥವಾ ಹೆಚ್ಚು ಇರುತ್ತವೆ. ಒಂದು ತಾಣದಲ್ಲಿ ಒಂದು ರಕ್ತಕಣವನ್ನೂ ಮತ್ತೊಂದು ತಾಣದಲ್ಲಿ ಇನ್ನೊಂದು ರಕ್ತಕಣವನ್ನೂ ಅದು ಹಿಡಿದಾಗ ಕಣಗಳ ನಡುವೆ ಸೇತುವೆ ಏರ್ಪಡುತ್ತದೆ. ಲಕ್ಷಾಂತರ ಸೇತುವೆಗಳು ಏರ್ಪಟ್ಟಾಗ ಕಣಗಳು ಕಣ್ಣಿಗೆ ಕಾಣುವ ಮುದ್ದೆಯಾಗುತ್ತವೆ.

ಈ ಗುಣವನ್ನು ಮೊದಲು ತೋರಿಸಿಕೊಟ್ಟ ಬೀಜ ಔಡಲ. ಇಂದಿನ ಎಸ್ಟೋನಿಯಾ ದೇಶದಲ್ಲಿರುವ ಟಾರ್ಟು ನಗರದ ವಿಶ್ವವಿದ್ಯಾಲಯದಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ 1888ರಲ್ಲಿ ಔಡಲ ಬೀಜದ ವಿಷಕಾರಿ ಸಾರವು ಕೆಂಪು ರಕ್ತಕಣಗಳನ್ನು ಅಂಟುಗೂಡಿಸುತ್ತದೆ ಎಂದು ವರದಿ ಮಾಡಿದರು. ಆ ವಸ್ತುವೇ ರಿಸಿನ್. ಇದಾದ ಕೆಲವೇ ವರ್ಷಗಳಲ್ಲಿ ಗುಲಗಂಜಿಯ ಬೀಜದಲ್ಲಿರುವ ಅಬ್ರಿನ್ ಎಂಬ ವಿಷಕ್ಕೂ ಇದೇ ಗುಣವಿರುವುದು ಗೊತ್ತಾಯಿತು. ಆದರೆ ಇವು ಎಲ್ಲ ಗುಂಪಿನ ಕಣಗಳನ್ನೂ ಭೇದವಿಲ್ಲದೆ ಅಂಟಿಸುತ್ತಿದ್ದುದರಿಂದ ಗುಂಪು ಪತ್ತೆಗೆ ಉಪಯೋಗವಾಗಲಿಲ್ಲ.

ಗುಂಪುಗಳ ನಡುವೆ ಭೇದ ಮಾಡುವ ಬೀಜಗಳೂ ಇವೆ ಎಂಬುದು 1940ರ ದಶಕದಲ್ಲಿ ತಿಳಿಯಿತು. ಫಿನ್‌ಲ್ಯಾಂಡಿನ ರೆಂಕೊನೆನ್ ಮತ್ತು ಅಮೆರಿಕದ ವಿಲಿಯಂ ಬಾಯ್ಡ್ ಸ್ವತಂತ್ರವಾಗಿ ಇದನ್ನು ಕಂಡುಕೊಂಡರು. ಲೈಮಾ ಬೀನ್ ಎಂಬ ಅವರೆ ಜಾತಿಯ ಕಾಳಿನ ಸಾರವು ಎ ಗುಂಪಿನ ಕಣಗಳನ್ನು ಬಲವಾಗಿ ಅಂಟಿಸುತ್ತದೆ ಎಂಬುದು ಬಾಯ್ಡ್ ಅವರ ಶೋಧನೆ. ಲೆಕ್ಟಿನ್ ಎಂಬ ಹೆಸರನ್ನು 1954ರಲ್ಲಿ ಸೂಚಿಸಿದವರೂ ಬಾಯ್ಡ್ ಮತ್ತು ಅವರ ಸಹೋದ್ಯೋಗಿ ಶೇಪ್ಲಿ. ಈ ಎರಡು ಘಟ್ಟಗಳ ನಡುವೆ ಬರ್ಡ್ ಅವರ ಕೆಲಸ ಬರುತ್ತದೆ.

ಬರ್ಡ್: ಪುಣೆಯಿಂದ ಬರ್ಮಿಂಗ್‌ಹ್ಯಾಮ್‌ಗೆ

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಪುಣೆಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧವು ರಕ್ತಪೂರಣದ ಮಹತ್ವವನ್ನು ಎಲ್ಲ ದೇಶಗಳ ಸೇನೆಗಳಿಗೂ ಮನಗಾಣಿಸಿದ್ದ ಕಾಲವದು. ಈ ಸಂಸ್ಥೆಯಲ್ಲಿ ರಕ್ತಪೂರಣದ ಕೆಲಸದಲ್ಲಿ ತೊಡಗಿದ್ದ ಬರ್ಡ್, ಸುತ್ತಮುತ್ತ ಸುಲಭವಾಗಿ ದೊರೆಯುವ ಭಾರತೀಯ ಬೀಜಗಳ ಸಾರಗಳನ್ನು ಬೇರೆ ಬೇರೆ ಗುಂಪಿನ ರಕ್ತಕಣಗಳ ಮೇಲೆ ವ್ಯವಸ್ಥಿತವಾಗಿ ಪರೀಕ್ಷಿಸಿದರು.

ಹುರುಳಿಕಾಳಿನ ಕುರಿತ ಅವರ ಮೊದಲ ಟಿಪ್ಪಣಿ 1951ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. 1932ರಲ್ಲಿ ಆರಂಭವಾದ ಈ ವಿಜ್ಞಾನ ಪತ್ರಿಕೆ ಬೆಂಗಳೂರಿನಿಂದ ಹೊರಡುತ್ತದೆ. ಹೀಗಾಗಿ, ಹುರುಳಿಕಾಳಿನ ಈ ಗುಣ ವಿಜ್ಞಾನಲೋಕಕ್ಕೆ ಮೊದಲು ತಿಳಿದದ್ದು ಕನ್ನಡ ನಾಡಿನ ರಾಜಧಾನಿಯಲ್ಲಿ ಪ್ರಕಟವಾಗುವ ಪತ್ರಿಕೆಯ ಮೂಲಕ. 1952ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಬರಹದಲ್ಲಿ ಬರ್ಡ್ ಈ ಸಾರಕ್ಕೂ ಎ1, ಎ2, ಎ1ಬಿ, ಎ2ಬಿ ಉಪಗುಂಪುಗಳಿಗೂ ಇರುವ ಸಂಬಂಧವನ್ನು ಸ್ಪಷ್ಟಪಡಿಸಿದರು. ಅದೇ 1952ರಲ್ಲಿ ಮುಂಬಯಿಯ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಎಚ್ ಪ್ರತಿಜನಕವೇ ಇಲ್ಲದ ಬಾಂಬೆ ರಕ್ತದ ಗುಂಪನ್ನು ವರದಿ ಮಾಡಿದರು. ಪಶ್ಚಿಮ ಭಾರತದ ಎರಡು ಪ್ರಯೋಗಾಲಯಗಳು ಜಗತ್ತಿನ ರಕ್ತವಿಜ್ಞಾನಕ್ಕೆ ಒಂದೇ ವರ್ಷ ಕೊಡುಗೆ ನೀಡಿದವು.

ಬರ್ಡ್ ಅವರ ಆಸಕ್ತಿ ಬೀಜಗಳಿಗಷ್ಟೇ ಸೀಮಿತವಾಗಿರಲಿಲ್ಲ. 1956ರಲ್ಲಿ ಹರ್ಮನ್ ಲೀಮನ್ ಅವರೊಡನೆ ಭಾರತದಲ್ಲಿ ಕಂಡುಬರುವ ಹಿಮೋಗ್ಲೋಬಿನ್ ಡಿ ಎಂಬ ಅಸಹಜ ರಕ್ತವರ್ಣಕದ ಬಗ್ಗೆ ಬರೆದರು. ಸಿಖ್ ಸಮುದಾಯದ ರಕ್ತದ ಗುಂಪುಗಳ ಅಧ್ಯಯನದಲ್ಲಿಯೂ ಪಾಲ್ಗೊಂಡರು. ಮುಂದೆ ಇಂಗ್ಲೆಂಡಿಗೆ ತೆರಳಿ, ಬರ್ಮಿಂಗ್‌ಹ್ಯಾಮ್‌ನ ಪ್ರಾದೇಶಿಕ ರಕ್ತಪೂರಣ ಸೇವೆಯ ನಿರ್ದೇಶಕರಾದರು. ಸಾವಿರಾರು ರೋಗಿಗಳಿಗೆ ರಕ್ತ ಒದಗಿಸುವ ದೈನಂದಿನ ಆಡಳಿತದ ನಡುವೆಯೂ ಲೆಕ್ಟಿನ್‌ಗಳ ಸಂಶೋಧನೆಯನ್ನು ಅವರು ಕೈಬಿಡಲಿಲ್ಲ. ಸಹೋದ್ಯೋಗಿ ವಿಂಗಮ್ ಅವರೊಡನೆ ತುಳಸಿಯ ಕುಟುಂಬಕ್ಕೆ ಸೇರಿದ ಸಾಲ್ವಿಯಾ ಸಸ್ಯಗಳ ಬೀಜಗಳಲ್ಲಿ ಟಿಎನ್ ಎಂಬ ಅಪರೂಪದ ಪ್ರತಿಜನಕವನ್ನು ಗುರುತಿಸುವ ಲೆಕ್ಟಿನ್ ಇರುವುದನ್ನು 1970ರ ದಶಕದಲ್ಲಿ ಪ್ರಕಟಿಸಿದರು. ಪುಣೆಯಲ್ಲಿ ಆರಂಭಿಸಿದ ಪ್ರಶ್ನೆಯನ್ನೇ ಎರಡು ದಶಕಗಳ ಬಳಿಕವೂ ಮುಂದುವರಿಸಿದ ನಿಷ್ಠೆ ಅವರ ವೃತ್ತಿಜೀವನದ ವೈಶಿಷ್ಟ್ಯ.

ಹುರುಳಿಯ ಲೆಕ್ಟಿನ್ ಕೆಲಸ ಮಾಡುವ ಬಗೆ

ಹುರುಳಿಯ ಇಂದಿನ ಸಸ್ಯಶಾಸ್ತ್ರೀಯ ಹೆಸರು ಮ್ಯಾಕ್ರೋಟೈಲೋಮಾ ಯೂನಿಫ್ಲೋರಮ್. ಬರ್ಡ್ ಬರೆಯುವಾಗ ಡಾಲಿಕಸ್ ಬೈಫ್ಲೋರಸ್ ಎಂಬ ಹೆಸರು ಚಾಲ್ತಿಯಲ್ಲಿತ್ತು. ರಕ್ತನಿಧಿಗಳಲ್ಲಿ ಹಳೆಯ ಹೆಸರೇ ಉಳಿದುಕೊಂಡಿರುವುದರಿಂದ, ಕಾರಕದ ಶೀಶೆಯ ಮೇಲೆ ಇಂದಿಗೂ ಎ1 ಲೆಕ್ಟಿನ್, ಡಾಲಿಕಸ್ ಬೈಫ್ಲೋರಸ್ ಎಂಬ ಒಕ್ಕಣೆ ಕಾಣಸಿಗುತ್ತದೆ.

ಈ ಲೆಕ್ಟಿನ್ ಹಿಡಿಯುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಸಕ್ಕರೆಯನ್ನು. ಎ ಪ್ರತಿಜನಕದ ತುದಿಯಲ್ಲಿರುವುದು ಇದೇ ಸಕ್ಕರೆ. ಆದ್ದರಿಂದ ಎ ಗುಂಪಿನ ಕಣಗಳಿಗೆ ಲೆಕ್ಟಿನ್ ಅಂಟಿಕೊಳ್ಳುತ್ತದೆ. ಬಿ ಮತ್ತು ಒ ಗುಂಪಿನ ಸಾಮಾನ್ಯ ಕಣಗಳಿಗೆ ಅಂಟುವುದಿಲ್ಲ. ಎ2 ಕಣದ ಮೇಲೆಯೂ ಇದೇ ಸಕ್ಕರೆ ಇದೆಯಷ್ಟೆ. ಹಾಗಿದ್ದರೆ ಎ1 ಮತ್ತು ಎ2 ನಡುವೆ ಭೇದ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜ. ಉತ್ತರ ಸಾರದ ಸಾಂದ್ರತೆಯಲ್ಲಿದೆ. ಗಟ್ಟಿ ಸಾರವು ಎ2 ಕಣಗಳನ್ನೂ ಅಂಟಿಸುತ್ತದೆ. ಅದನ್ನು ಹದವರಿತು ತೆಳುಗೊಳಿಸಿದಾಗ, ಪ್ರತಿಜನಕಗಳು ದಟ್ಟವಾಗಿರುವ ಎ1 ಕಣಗಳು ಮಾತ್ರ ಅಂಟುಗೂಡುತ್ತವೆ. ಪ್ರತಿಜನಕಗಳು ವಿರಳವಾಗಿರುವ ಎ2 ಕಣಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ.

ಹುರುಳಿಯ ಲೆಕ್ಟಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಾಸಾಯನಿಕ ಗುಣಗಳನ್ನು ವಿವರಿಸಿದ ಕೆಲಸ 1970ರಲ್ಲಿ ಎಟ್ಜ್ಲರ್ ಮತ್ತು ಕಬಾಟ್ ಅವರಿಂದ ಆಯಿತು.

ಪರೀಕ್ಷೆಯ ಕ್ರಮ

ಈ ಕಾರಕದ ತಯಾರಿಕೆ ಸರಳ. ಒಣ ಹುರುಳಿಕಾಳನ್ನು ನುಣ್ಣಗೆ ಪುಡಿಮಾಡಿ, ಶೇ. 0.9ರ ಉಪ್ಪಿನ ದ್ರಾವಣದಲ್ಲಿ ಕೆಲವು ಗಂಟೆ ನೆನೆಯಿಡಬೇಕು. ಬಳಿಕ ಅದನ್ನು ಸೋಸಿ ತಿಳಿಯನ್ನು ಬೇರ್ಪಡಿಸಬೇಕು. ಆ ತಿಳಿಯನ್ನು ಹಂತಹಂತವಾಗಿ ತೆಳುಗೊಳಿಸುತ್ತ, ಪ್ರತಿ ಹಂತದಲ್ಲೂ ಗುಂಪು ಖಚಿತವಾಗಿ ಗೊತ್ತಿರುವ ಎ1 ಮತ್ತು ಎ2 ಕಣಗಳ ಮೇಲೆ ಪರೀಕ್ಷಿಸಬೇಕು. ಎ1 ಕಣಗಳು ಬಲವಾಗಿ ಅಂಟುಗೂಡಿ ಎ2 ಕಣಗಳು ಅಂಟುಗೂಡದ ಹಂತವೇ ಬಳಕೆಗೆ ಯೋಗ್ಯವಾದ ಹದ. ಈಗ ಹೆಚ್ಚಿನ ರಕ್ತನಿಧಿಗಳು ಸಿದ್ಧ ಕಾರಕವನ್ನೇ ಕೊಂಡು ಬಳಸುತ್ತವೆ.

ಪರೀಕ್ಷಿಸಬೇಕಾದ ಕೆಂಪು ಕಣಗಳನ್ನು ಲವಣದ್ರಾವಣದಲ್ಲಿ ತೊಳೆದು ತೆಳುವಾಗಿ ಕಲಸಿಕೊಳ್ಳುತ್ತಾರೆ. ಗಾಜಿನ ಪ್ರನಾಳದಲ್ಲಿ ಒಂದು ಹನಿ ಕಾರಕ, ಒಂದು ಹನಿ ಕಣಗಳ ಮಿಶ್ರಣ ಹಾಕಿ ಕೋಣೆಯ ಉಷ್ಣತೆಯಲ್ಲಿ ಕೆಲವು ನಿಮಿಷ ಬಿಟ್ಟು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಕಣಗಳು ಪ್ರನಾಳದ ತಳದಲ್ಲಿ ಗುಂಡಿಯಾಕಾರದಲ್ಲಿ ಕೂರುತ್ತವೆ. ಪ್ರನಾಳವನ್ನು ಮೆಲ್ಲಗೆ ಅಲುಗಿಸಿದಾಗ ಆ ಗುಂಡಿ ಒಡೆಯದೆ ಇಡಿಯಾಗಿ ತೇಲಿಬಂದರೆ ರಕ್ತ ಎ1. ಕೆಂಪು ಹೊಗೆಯೆದ್ದಂತೆ ದ್ರವದ ತುಂಬ ಸಮನಾಗಿ ಹರಡಿಕೊಂಡರೆ ಅದು ಎ1 ಅಲ್ಲ. ಪ್ರತಿ ಸಲವೂ ಗೊತ್ತಿರುವ ಎ1 ಮತ್ತು ಎ2 ಕಣಗಳನ್ನು ಜೊತೆಯಲ್ಲೇ ಪರೀಕ್ಷಿಸುವುದು ಕಡ್ಡಾಯ. ಕಾರಕ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಶೇಂಗಾ ಮತ್ತು ಟಿ ಪ್ರತಿಜನಕ

ಬರ್ಡ್ ಅವರ ಎರಡನೆಯ ದೊಡ್ಡ ಕೊಡುಗೆ ಶೇಂಗಾಬೀಜಕ್ಕೆ ಸಂಬಂಧಿಸಿದ್ದು. ಶೇಂಗಾ ಬೀಜದಲ್ಲಿ ಟಿ ಪ್ರತಿಜನಕವನ್ನು ಗುರುತಿಸುವ ಲೆಕ್ಟಿನ್ ಇದೆ ಎಂದು ಅವರು 1964ರಲ್ಲಿ 'ವಾಕ್ಸ್ ಸ್ಯಾಂಗ್ವಿನಿಸ್' ಎಂಬ ರಕ್ತಪೂರಣ ಪತ್ರಿಕೆಯಲ್ಲಿ ಪ್ರಕಟಿಸಿದರು.

ಟಿ ಪ್ರತಿಜನಕ ಎಲ್ಲರ ಕೆಂಪು ಕಣಗಳಲ್ಲಿಯೂ ಇದೆ. ಆದರೆ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ ಹೊದಿಕೆಯ ಕೆಳಗೆ ಮರೆಯಾಗಿರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ದೇಹವನ್ನು ಸೋಂಕಿದಾಗ ನ್ಯೂರಮಿನಿಡೇಸ್ ಎಂಬ ಕಿಣ್ವವನ್ನು ಹೊರಸೂಸುತ್ತವೆ. ಆ ಕಿಣ್ವ ಸಿಯಾಲಿಕ್ ಆಮ್ಲವನ್ನು ಕತ್ತರಿಸಿ ಹಾಕುತ್ತದೆ ಮತ್ತು ಟಿ ಪ್ರತಿಜನಕ ಬಯಲಿಗೆ ಬರುತ್ತದೆ. ಸಾಮಾನ್ಯವಾಗಿ ವಯಸ್ಕರೆಲ್ಲರ ರಕ್ತದಲ್ಲಿ ಟಿ ವಿರೋಧಿ ಪ್ರತಿಕಾಯ ಇರುವುದರಿಂದ, ಇಂಥ ರೋಗಿಯ ಕಣಗಳು ಯಾರ ರಕ್ತಸಾರದೊಡನೆ ಬೆರೆಸಿದರೂ ಅಂಟುಗೂಡುತ್ತವೆ. ಗುಂಪು ಪತ್ತೆಮಾಡುವವರಿಗೆ ಇದು ದೊಡ್ಡ ಗೊಂದಲ ಉಂಟುಮಾಡುತ್ತದೆ. ಈ ವಿದ್ಯಮಾನವನ್ನು 1920ರ ದಶಕದಲ್ಲಿ ಹ್ಯೂಬೆನರ್ ಮತ್ತು ಥಾಮ್ಸೆನ್, ಅವರ ಬಳಿಕ ಫ್ರೀಡನ್‌ರೈಕ್ ವಿವರಿಸಿದ್ದರು.

ಶೇಂಗಾದ ಲೆಕ್ಟಿನ್ ಬಂದ ಮೇಲೆ ಈ ಸ್ಥಿತಿಯನ್ನು ನಿಮಿಷಗಳಲ್ಲಿ ಗುರುತಿಸುವುದು ಸಾಧ್ಯವಾಯಿತು. ನ್ಯೂಮೊಕಾಕಸ್ ಸೋಂಕಿನಿಂದ ಮೂತ್ರಪಿಂಡ ಕೆಡುವ ಮಕ್ಕಳಲ್ಲಿ ಮತ್ತು ಕರುಳಿನ ತೀವ್ರ ಸೋಂಕಿಗೆ ತುತ್ತಾದ ನವಜಾತ ಶಿಶುಗಳಲ್ಲಿ ಟಿ ಪ್ರತಿಜನಕ ಬಯಲಾಗುವುದುಂಟು. ಅಂಥ ಮಗುವಿಗೆ ಪ್ಲಾಸ್ಮಾ ಕೊಡುವ ಮೊದಲು ವೈದ್ಯರು ಎಚ್ಚರಿಕೆಯಿಂದ ಯೋಚಿಸಬೇಕಾಗುತ್ತದೆ, ಏಕೆಂದರೆ ಪ್ಲಾಸ್ಮಾದಲ್ಲಿರುವ ಟಿ ವಿರೋಧಿ ಪ್ರತಿಕಾಯ ಮಗುವಿನ ಕಣಗಳಿಗೆ ಹಾನಿ ಮಾಡಬಹುದು.

ಬೆಂಗಳೂರಿನ ಕೊಡುಗೆ

ಬೀಜದ ಲೆಕ್ಟಿನ್‌ಗಳು ಸಕ್ಕರೆಯನ್ನು ಹೇಗೆ ಗುರುತಿಸುತ್ತವೆ ಎಂಬುದನ್ನು ತಿಳಿಯಲು ಅವುಗಳ ಮೂರು ಆಯಾಮಗಳ ರಚನೆಯನ್ನು ಕಾಣಬೇಕು. ಈ ಕ್ಷೇತ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜಗತ್ತಿನ ಮುಂಚೂಣಿಯಲ್ಲಿದೆ. ಎಂ. ವಿಜಯನ್, ಎ. ಸುರೋಲಿಯಾ, ಕೆ. ಸುಗುಣ ಮತ್ತು ಸಹೋದ್ಯೋಗಿಗಳು ಶೇಂಗಾ ಲೆಕ್ಟಿನ್‌ನ ಸ್ಫಟಿಕ ರಚನೆಯನ್ನು ಎಕ್ಸ್-ಕಿರಣಗಳ ನೆರವಿನಿಂದ ಬಿಡಿಸಿ 1994ರಲ್ಲಿ ಪ್ರಕಟಿಸಿದರು. ಈ ಪ್ರೋಟೀನಿನಲ್ಲಿ ನಾಲ್ಕು ಸಮಾನ ಉಪಘಟಕಗಳಿವೆ. ನಾಲ್ಕು ಘಟಕಗಳ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವ ಸಮಮಿತಿ ಇದರಲ್ಲಿಲ್ಲ. ಇಂಥ ಜೋಡಣೆ ಪ್ರೋಟೀನುಗಳಲ್ಲಿ ಅಪರೂಪ. 1996ರಲ್ಲಿ ಇದೇ ಸಂಸ್ಥೆಯಿಂದ ಹಲಸಿನ ಬೀಜದ ಜಾಕಲಿನ್ ಎಂಬ ಲೆಕ್ಟಿನ್‌ನ ರಚನೆ ಪ್ರಕಟವಾಯಿತು. ಜಾಕಲಿನ್ ಕೂಡ ಟಿ ಪ್ರತಿಜನಕವನ್ನು ಗುರುತಿಸುತ್ತದೆ.

ರಕ್ತನಿಧಿಯಲ್ಲಿ ಉಪಯೋಗ

ಹುರುಳಿಯ ಲೆಕ್ಟಿನ್ ಇಂದು ನಾಲ್ಕು ಸಂದರ್ಭಗಳಲ್ಲಿ ಮುಖ್ಯವಾಗಿ ಬಳಕೆಯಾಗುತ್ತದೆ.

ಮೊದಲನೆಯದು, ಗುಂಪು ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡಾಗ. ರಕ್ತದ ಗುಂಪನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತಾರೆ: ರೋಗಿಯ ಕಣಗಳನ್ನು ಗೊತ್ತಿರುವ ಪ್ರತಿಕಾಯಗಳೊಡನೆ, ರೋಗಿಯ ರಕ್ತಸಾರವನ್ನು ಗೊತ್ತಿರುವ ಕಣಗಳೊಡನೆ. ಕಣಗಳ ಪರೀಕ್ಷೆ ಎಬಿ ಎಂದು ಸೂಚಿಸಿ, ರಕ್ತಸಾರವು ಎ1 ಕಣಗಳನ್ನು ಅಂಟಿಸಿದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಆಗ ಹುರುಳಿಯ ಲೆಕ್ಟಿನ್‌ನಿಂದ ರೋಗಿಯ ಕಣಗಳನ್ನು ಪರೀಕ್ಷಿಸುತ್ತಾರೆ. ಕಣಗಳು ಅಂಟುಗೂಡದಿದ್ದರೆ ರೋಗಿ ಎ2ಬಿ ಉಪಗುಂಪಿನವರು, ಅವರಲ್ಲಿ ಎ1 ವಿರೋಧಿ ಪ್ರತಿಕಾಯವಿದೆ ಎಂಬ ತೀರ್ಮಾನಕ್ಕೆ ಬಲ ಬರುತ್ತದೆ.

ಎರಡನೆಯದು, ರಕ್ತದ ಆಯ್ಕೆ. ಎ1 ವಿರೋಧಿ ಪ್ರತಿಕಾಯ ಸಾಮಾನ್ಯವಾಗಿ ತಂಪಿನಲ್ಲಿ ಮಾತ್ರ ಕ್ರಿಯಾಶೀಲ. ಆಗ ಅದರಿಂದ ಅಪಾಯವಿಲ್ಲ. ಅದು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ಕೆಲಸ ಮಾಡಿದರೆ, ರೋಗಿಗೆ ಎ1 ಕಣಗಳಿಲ್ಲದ ರಕ್ತವನ್ನೇ ಕೊಡಬೇಕು.

ಮೂರನೆಯದು, ಮೂತ್ರಪಿಂಡದ ಕಸಿ. ಎ2 ಉಪಗುಂಪಿನ ದಾನಿಗಳ ಅಂಗಗಳಲ್ಲಿ ಎ ಪ್ರತಿಜನಕ ಕಡಿಮೆ ಇರುವುದರಿಂದ, ತಕ್ಕ ಎಚ್ಚರಿಕೆಯೊಂದಿಗೆ ಅವರ ಮೂತ್ರಪಿಂಡವನ್ನು ಒ ಅಥವಾ ಬಿ ಗುಂಪಿನ ಆಯ್ದ ರೋಗಿಗಳಿಗೆ ಕಸಿ ಮಾಡಬಹುದು. ದಾನಿ ಎ1 ಅಥವಾ ಎ2 ಎಂಬುದನ್ನು ತಿಳಿಯಲು ಹುರುಳಿಯ ಲೆಕ್ಟಿನ್ ನೆರವಾಗುತ್ತದೆ.

ನಾಲ್ಕನೆಯದು, ಅಪರೂಪದ ರಕ್ತಕಣಗಳ ಪತ್ತೆ. ಟಿಎನ್ ಪ್ರತಿಜನಕ ಬಯಲಾದ ಕಣಗಳೂ ಕ್ಯಾಡ್ ಎಂಬ ಅಪರೂಪದ ಪ್ರತಿಜನಕವುಳ್ಳ ಕಣಗಳೂ, ಯಾವ ಗುಂಪಿನವೇ ಆಗಿರಲಿ, ಹುರುಳಿಯ ಲೆಕ್ಟಿನ್‌ಗೆ ಸ್ಪಂದಿಸುತ್ತವೆ. ಹುರುಳಿ, ಶೇಂಗಾ, ಸೋಯಾ, ಸಾಲ್ವಿಯಾ ಮೊದಲಾದ ಬೀಜಗಳ ಲೆಕ್ಟಿನ್‌ಗಳನ್ನು ಒಟ್ಟಿಗಿಟ್ಟು ಪರೀಕ್ಷಿಸಿದರೆ ಕಣಗಳಲ್ಲಿ ಆಗಿರುವ ಬದಲಾವಣೆ ಯಾವುದು ಎಂದು ಗುರುತಿಸಬಹುದು. ತೀವ್ರ ರಕ್ತಕ್ಯಾನ್ಸರ್‌ಗೂ ಟಿಎನ್ ಪ್ರತಿಜನಕಕ್ಕೂ ಇರುವ ಸಂಬಂಧದ ಬಗ್ಗೆ ಬರ್ಡ್ ಮತ್ತು ಸಂಗಡಿಗರು 1976ರಲ್ಲಿ ವರದಿ ಮಾಡಿದ್ದು ಈ ಮಾರ್ಗದಲ್ಲಿಯೇ.

ಬಾಂಬೆ ರಕ್ತದ ಗುಂಪಿನ ಖಚಿತತೆಗೂ ಬೀಜದ ಲೆಕ್ಟಿನ್ ಬೇಕು. ಎಚ್ ಪ್ರತಿಜನಕವನ್ನು ಗುರುತಿಸುವ ಯೂಲೆಕ್ಸ್ ಎಂಬ ಯುರೋಪಿನ ಕುರುಚಲು ಗಿಡದ ಬೀಜ ಇದಕ್ಕೆ ಬಳಕೆಯಾಗುತ್ತದೆ. ಒ ಗುಂಪಿನ ಕಣಗಳು ಅದರೊಡನೆ ಬಲವಾಗಿ ಅಂಟುಗೂಡಿದರೆ, ಎಚ್ ಪ್ರತಿಜನಕವೇ ಇಲ್ಲದ ಬಾಂಬೆ ಗುಂಪಿನ ಕಣಗಳು ಅಂಟುಗೂಡುವುದಿಲ್ಲ. ಬಾಂಬೆ ಗುಂಪಿನವರನ್ನು ಒ ಗುಂಪಿನವರೆಂದು ತಪ್ಪಾಗಿ ತಿಳಿದು ಒ ರಕ್ತ ಕೊಟ್ಟರೆ ಪ್ರಾಣಾಪಾಯವಾಗುತ್ತದೆ.

ಮಿತಿಗಳು

ಹುರುಳಿಯ ಲೆಕ್ಟಿನ್ ನವಜಾತ ಶಿಶುಗಳ ಉಪಗುಂಪು ಪರೀಕ್ಷೆಗೆ ತಕ್ಕುದಲ್ಲ. ಹುಟ್ಟುವಾಗ ಎ ಪ್ರತಿಜನಕಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ಇತ್ತೀಚೆಗೆ ರಕ್ತ ಪಡೆದ ರೋಗಿಯಲ್ಲಿ ದಾನಿಯ ಕಣಗಳೂ ಬೆರೆತಿರುವುದರಿಂದ ಫಲಿತಾಂಶ ಗೊಂದಲಕರವಾಗಬಹುದು. ಎ3, ಎಎಕ್ಸ್ ಮೊದಲಾದ ದುರ್ಬಲ ಉಪಗುಂಪುಗಳನ್ನು ಬೇರ್ಪಡಿಸಲು ಬೇರೆ ಪರೀಕ್ಷೆಗಳು ಬೇಕು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದ ವಿಧಾನದಿಂದ ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವುದು ಸಾಧ್ಯವಾದ ಬಳಿಕ ಎ ಮತ್ತು ಬಿ ಗುಂಪುಗಳ ಸಾಮಾನ್ಯ ಪತ್ತೆ ಆ ಪ್ರತಿಕಾಯಗಳಿಂದಲೇ ನಡೆಯುತ್ತಿದೆ. ಅಗ್ಗದ ಬೆಲೆ, ಸುಲಭ ತಯಾರಿಕೆ, ಸ್ಪಷ್ಟ ಫಲಿತಾಂಶ ಈ ಮೂರು ಕಾರಣಗಳಿಂದ ಎ1 ಪತ್ತೆಯಲ್ಲಿ ಮಾತ್ರ ಹುರುಳಿ ತನ್ನ ಸ್ಥಾನ ಉಳಿಸಿಕೊಂಡಿದೆ.

ಹುರುಳಿ ಸಾರು ಉಂಡರೆ ರಕ್ತ ಗಟ್ಟಿಯಾದೀತೇ ಎಂಬ ಆತಂಕಕ್ಕೆ ಆಧಾರವಿಲ್ಲ. ಚೆನ್ನಾಗಿ ಬೇಯಿಸಿದಾಗ ಲೆಕ್ಟಿನ್‌ನ ಚಟುವಟಿಕೆ ಬಹುಪಾಲು ನಾಶವಾಗುತ್ತದೆ. ಆಹಾರದಿಂದ ಯಾರ ರಕ್ತದ ಗುಂಪೂ ಬದಲಾಗುವುದಿಲ್ಲ.

ಆದೋನಿ ಸೀಮೆ ಮತ್ತು ರಕ್ತದಾನ

ಬರ್ಡ್ ಅವರ ಮೊದಲ ಬರಹ ಪ್ರಕಟವಾದ 1951ರಲ್ಲಿ ಆದೋನಿ ಮತ್ತು ಆಲೂರು ತಾಲ್ಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅವು ಆಂಧ್ರಕ್ಕೆ ಸೇರಿ ಕರ್ನೂಲು ಜಿಲ್ಲೆಯ ಭಾಗವಾದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ವೈದ್ಯಕೀಯ ಸೌಲಭ್ಯದ ವಿಷಯದಲ್ಲಿ ಈ ಸೀಮೆಯ ಎರಡು ಬದಿಗಳಲ್ಲಿ ಎರಡು ಹಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ: 1956ರಲ್ಲಿ ಆರಂಭವಾದ ಕರ್ನೂಲಿನ ಕಾಲೇಜು, 1961ರಲ್ಲಿ ಆರಂಭವಾದ ಬಳ್ಳಾರಿಯ ಕಾಲೇಜು. ರಾಜ್ಯದ ಗಡಿ ಯಾವುದೇ ಇರಲಿ, ಅಪಘಾತದ ಗಾಯಾಳುವಿಗೂ ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿಗೂ ಬೇಕಾಗುವುದು ಹೊಂದುವ ರಕ್ತ, ಅದೂ ಸಕಾಲದಲ್ಲಿ.

ಭಾರತದಲ್ಲಿ 18ರಿಂದ 65 ವರ್ಷ ವಯಸ್ಸಿನ, ಕನಿಷ್ಠ 45 ಕಿಲೋ ತೂಕದ, ಹಿಮೋಗ್ಲೋಬಿನ್ ಪ್ರಮಾಣ ಡೆಸಿಲೀಟರ್‌ಗೆ 12.5 ಗ್ರಾಂಗಿಂತ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತದಾನ ಮಾಡಬಹುದು. ಪುರುಷರು 90 ದಿನಗಳಿಗೊಮ್ಮೆ, ಮಹಿಳೆಯರು 120 ದಿನಗಳಿಗೊಮ್ಮೆ ರಕ್ತ ಕೊಡಬಹುದು. ದೇಶದಲ್ಲಿ ಪ್ರತಿ ವರ್ಷ ಅಕ್ಟೋಬರ್ 1ನ್ನು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾಗಿ ಆಚರಿಸಲಾಗುತ್ತದೆ.

ಹೊಲದ ಕಾಳಿನಿಂದ ರಕ್ತದ ಗುಂಪಿನ ಸೂಕ್ಷ್ಮ ಭೇದವನ್ನು ತಿಳಿಯುವ ದಾರಿ ವಿಜ್ಞಾನಕ್ಕೆ ಸಿಕ್ಕಿದೆ. ಆದರೆ ರಕ್ತವನ್ನು ತಯಾರಿಸುವ ಕಾರ್ಖಾನೆ ಇಂದಿಗೂ ಇಲ್ಲ. ಅದು ಮನುಷ್ಯರಿಂದಲೇ ಮನುಷ್ಯರಿಗೆ ಬರಬೇಕು. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ರಕ್ತದ ಗುಂಪನ್ನು ಪರೀಕ್ಷಿಸಿ ತಿಳಿದುಕೊಳ್ಳಲಿ, ಅರ್ಹರಾದವರು ಹತ್ತಿರದ ರಕ್ತನಿಧಿಯಲ್ಲಿ ಸ್ವಇಚ್ಛೆಯಿಂದ ರಕ್ತದಾನ ಮಾಡಲಿ.